ಗುರುವಾರ ಬೆಳಿಗ್ಗೆ ಹತ್ತಕ್ಕೆ

ಪೆಟ್ರೋಲ್ ಬಂಕಿನ ಕಿಟಕಿಯಿಂದ ಲಾಯ್ಡ್ ಕಣ್ಣಾರೆ ನೋಡಿದ. ಎಮೆಟ್ ಲಾಯ್ಡ್‌ನ ಸೈಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ದಬ್ಬಳ.

ಲಾಯ್ಡ್ ಹೊರಗೆ ಬರುವಷ್ಟರಲ್ಲಿ ಎಮೆಟ್ ಎದ್ದು ಗೋಧಿ ಹೊಲದ ಕಡೆ ಮುಖ ಮಾಡಿ ನಿಂತಿದ್ದ. ಸೈಕಲ್ಲಿನ ಹಿಂದಿನ ಚಕ್ರ ನೆಲಕ್ಕಂಟಿತ್ತು.

"ಮತ್ತೆ ಪಂಕ್ಚರ್ ಕಣೋ," ಎಂದ ಎಮೆಟ್. "ಹಾಳು ರಸ್ತೆ, ಬರೀ ಮುಳ್ಳು."

ಎಂಟು ದಿನದಲ್ಲಿ ಇದು ಆರನೆಯದು. ಎಮೆಟ್‌ನ ಚಕ್ರಕ್ಕೆ ಒಂದು ಮುಳ್ಳೂ ತಾಗಿರಲಿಲ್ಲ. ಲಾಯ್ಡ್ ಟಯರು ಬಿಚ್ಚಲು ಕೂತ. ಅವತ್ತು ಮಂಗಳವಾರ. ಇನ್ನೂ ನೂರು ಮೈಲಿ ಉಳಿದಿತ್ತು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವನು ಜೈಲಿನಲ್ಲಿರಬೇಕಿತ್ತು.

ಇಬ್ಬರಿಗೂ ಅರವತ್ತನಾಲ್ಕು. ಲಾಯ್ಡ್ ಊರಿನ ಧಾನ್ಯದ ಗೋದಾಮಿನಲ್ಲಿ ದುಡಿದವನು, ಎಮೆಟ್ ಕ್ಷೌರದಂಗಡಿಯವನು. ಇಪ್ಪತ್ತರ ವಯಸ್ಸಿನಲ್ಲಿ ಓಕ್ಲಹೋಮ ರಾಜ್ಯವನ್ನು ಈ ತುದಿಯಿಂದ ಆ ತುದಿಗೆ ಸೈಕಲ್ಲಿನಲ್ಲಿ ದಾಟಬೇಕೆಂದು ಮಾತಾಡಿಕೊಂಡಿದ್ದರು. ಮದುವೆ, ಮಕ್ಕಳು, ದುಡಿತದ ನಡುವೆ ಅದು ಮಾತಾಗಿಯೇ ಉಳಿಯಿತು. ಆಮೇಲೆ ಹನ್ನೊಂದು ವರ್ಷದ ಹಿಂದೆ ಆ ಕೊಲೆ ನಡೆಯಿತು. ಮಾರನೆಯ ವರ್ಷ ಲಾಯ್ಡ್‌ನ ಹೆಂಡತಿ ತೀರಿಕೊಂಡಳು. ಲಾಯ್ಡ್ ಊರಿನ ಯಾವ ಅಂಗಡಿಗೆ ಕಾಲಿಟ್ಟರೂ ಮಾತಾಡುತ್ತಿದ್ದವರು ಸುಮ್ಮನಾಗುತ್ತಿದ್ದರು. ಮುಂಚಿನ ಹಾಗೆ ಅವನ ಮನೆಗೆ ಬಂದು ಕೂರುತ್ತಿದ್ದವನು ಎಮೆಟ್ ಒಬ್ಬನೇ.

ಮರಣದಂಡನೆಯ ದಿನ ತಿಳಿಸಿ, ಬೇಕಿದ್ದರೆ ಬಂದು ಕಣ್ಣೆದುರೇ ನೋಡಬಹುದೆಂಬ ಪತ್ರ ಜೈಲಿನಿಂದ ಬಂದಾಗ ಲಾಯ್ಡ್ ಷೆಡ್ಡಿನಿಂದ ಸೈಕಲ್ ಹೊರಗೆ ತೆಗೆದ.

"ಕಾರಲ್ಲಾದ್ರೆ ಒಂದೇ ದಿನ," ಎಂದಿದ್ದ. "ಅಷ್ಟು ಬೇಗ ತಲುಪೋಕೆ ನನ್ನಿಂದಾಗಲ್ಲ."

ಮಾರನೆಯ ಬೆಳಿಗ್ಗೆ ಎಮೆಟ್ ತನ್ನ ಸೈಕಲ್ ಹಿಡಿದು ಅವನ ಗೇಟಿನ ಮುಂದೆ ನಿಂತಿದ್ದ. "ಒಬ್ಬನೇ ಹೋಗಬೇಡ."

ಅಂಥವನ ಕೈಯಲ್ಲಿ ಈಗ ದಬ್ಬಳ.

ಬುಧವಾರ ಬೆಳಗಿನ ತಿಂಡಿಗೆ ರಸ್ತೆ ಬದಿಯ ಹೋಟೆಲ್ಲಿನಲ್ಲಿ ನಿಂತರು. ಮೇಜಿನ ಮೇಲೆ ಪತ್ರಿಕೆ ಬಿದ್ದಿತ್ತು. ಮೊದಲ ಪುಟದಲ್ಲೇ ಎರಡು ಚಿತ್ರ. ನಗುತ್ತಿರುವ ಹತ್ತೊಂಬತ್ತರ ಹುಡುಗಿ ಡಾರ್ಲಾ, ಪಕ್ಕದಲ್ಲಿ ಅವಳನ್ನು ಕೊಂದವನು. ಲಾಯ್ಡ್ ಪುಟವನ್ನು ಮಗುಚಿಟ್ಟ.

ಹೋಟೆಲ್ಲಿನಾಕೆ ಕಾಫಿ ಸುರಿಯುತ್ತ, "ನಾಳೆ ಅವನ ಕಥೆ ಮುಗೀತದೆ," ಎಂದಳು. "ಇಂಥೋನಿಗೆ ಹನ್ನೊಂದು ವರ್ಷ ಯಾಕೆ ಕೂಳು ಹಾಕಿದ್ರೋ! ನೀವೆಲ್ಲಿಗಣ್ಣ, ಈ ಬಿಸಿಲಲ್ಲಿ?"

"ಅಲ್ಲಿಗೇ," ಎಂದ ಲಾಯ್ಡ್.

ಆಕೆ ಕಾಫಿ ಸುರಿಯುವುದನ್ನು ನಿಲ್ಲಿಸಿದಳು. "ಅಯ್ಯೋ. ನೀವು ಆ ಹುಡುಗಿ ಕಡೆಯವರಾ?"

ಲಾಯ್ಡ್ ಬಾಯಿ ತೆರೆದ. ಎಮೆಟ್ ಅವನಿಗಿಂತ ಮುಂಚೆ, "ಹೌದಮ್ಮ," ಎಂದ.

ಆಕೆ ಲಾಯ್ಡ್‌ನ ಕೈಮೇಲೆ ಕೈಯಿಟ್ಟಳು. "ನಾಳೆಯಾದ್ರೂ ನಿಮಗೆ ನೆಮ್ಮದಿ ಸಿಗಲಿ," ಎಂದಳು. ಕೇಳದಿದ್ದರೂ ಪೀಚ್ ಹಣ್ಣಿನ ಕಡುಬು ತಂದಿಟ್ಟಳು. ಲಾಯ್ಡ್ ತಟ್ಟೆಯನ್ನು ಎಮೆಟ್ ಕಡೆ ಸರಿಸಿದ.

ಲಾಯ್ಡ್ ದುಡ್ಡು ಕೊಟ್ಟು ಹೊರಗೆ ಬಂದರೆ, ಮುಂಚೆಯೇ ಎದ್ದು ಹೋಗಿದ್ದ ಎಮೆಟ್ ಸೈಕಲ್ಲಿನ ಪಕ್ಕ ನಿಂತಿದ್ದ; ಚಕ್ರ ಮತ್ತೆ ನೆಲಕ್ಕಂಟಿತ್ತು. ಲಾಯ್ಡ್‌ನ ಚೀಲದಲ್ಲಿ ಟ್ಯೂಬು ಉಳಿದಿರಲಿಲ್ಲ, ತೇಪೆಯೂ ಇರಲಿಲ್ಲ. ಲಾಯ್ಡ್ ತಿರುಗಿ ಎಮೆಟ್‌ನ ಕೊರಳಪಟ್ಟಿ ಹಿಡಿದ.

"ದಬ್ಬಳ ಕೊಡು."

ಎಮೆಟ್ ಜೇಬಿನಿಂದ ತೆಗೆದು ಕೊಟ್ಟ.

"ಎಲ್ಲ ಗೊತ್ತಿದ್ದೂ ಹೀಗೆ ಮಾಡ್ತೀಯಲ್ಲೋ. ಯಾಕೆ?"

"ನೀನು ಅದನ್ನ ನೋಡಬಾರದು."

"ನೋಡೋದು ನನ್ನ ಹಕ್ಕು."

"ಹಕ್ಕೇ. ಯಾರು ಇಲ್ಲ ಅಂದ್ರು? ಆದ್ರೆ ಒಂದ್ಸಲ ನೋಡಿದ್ರೆ ಅದು ಕಣ್ಣಿಂದ ಹೋಗಲ್ಲ. ಆಸ್ಪತ್ರೆ ಶವಾಗಾರದಲ್ಲಿ ಬಟ್ಟೆ ಸರಿಸಿ ತೋರಿಸಿದ್ರಲ್ಲ, ನಾನೂ ನೋಡಿದೀನಿ. ಹನ್ನೊಂದು ವರ್ಷದಿಂದ ನಿದ್ದೆ ಇಲ್ಲ ನನಗೆ."

ಲಾಯ್ಡ್‌ನ ಹಿಡಿತ ಸಡಿಲಾಯಿತು. ಕೈಯಲ್ಲಿದ್ದ ದಬ್ಬಳವನ್ನು ಚರಂಡಿಗೆ ಎಸೆದ.

"ಕೋರ್ಟಲ್ಲಿ ಅಷ್ಟು ದಿನ ಕೂತಿದ್ದೆ," ಎಂದ. "ಅವನು ಒಂದು ಸಲಾನೂ ನನ್ನ ಕಡೆ ತಿರುಗಲಿಲ್ಲ. ನಾಳೆ ತಿರುಗಲೇಬೇಕು. ಕಣ್ಣು ಮುಚ್ಚೋ ಮುಂಚೆ ಅವನು ಕೊನೆಗೆ ನೋಡೋದು ನನ್ನ ಮುಖ ಆಗಿರಬೇಕು. ಅಷ್ಟೇ ನನಗೆ ಬೇಕಾಗಿರೋದು."

ಎಮೆಟ್ ತನ್ನ ಚೀಲದ ತಳದಿಂದ ಹೊಸ ಟ್ಯೂಬು ತೆಗೆದು, ತಾನೇ ನೆಲದಲ್ಲಿ ಕೂತು ಚಕ್ರ ಬಿಚ್ಚಿದ.

ಅವತ್ತು ಇಡೀ ದಿನ ಎದುರುಗಾಳಿ. ಎಣ್ಣೆಬಾವಿಗಳ ಪಂಪುಗಳು ರಸ್ತೆಯ ಎರಡೂ ಕಡೆ ತಲೆಯಾಡಿಸುತ್ತಿದ್ದವು. ಲಾರಿಗಳು ಹಾದಾಗೆಲ್ಲ ಸೈಕಲ್ಲುಗಳು ಜೋಲಿ ಹೊಡೆದವು. ಎಮೆಟ್ ಮುಂದೆ ಹೋಗಿ ಗಾಳಿಗೆ ಮೈಯೊಡ್ಡಿದ, ಲಾಯ್ಡ್ ಅವನ ಬೆನ್ನ ಮರೆಯಲ್ಲಿ ತುಳಿದ. ಮಧ್ಯಾಹ್ನದ ಹೊತ್ತಿಗೆ ಎಮೆಟ್‌ನ ತುಟಿ ಒಡೆದು ರಕ್ತ ಬರುತ್ತಿತ್ತು. ತಾನು ಮುಂದೆ ಬರುತ್ತೇನೆಂದು ಲಾಯ್ಡ್ ಎರಡು ಸಲ ಕೂಗಿದ. ಎಮೆಟ್ ತಿರುಗಿ ನೋಡಲಿಲ್ಲ.

ಗುರುವಾರ ಒಂಬತ್ತೂವರೆಗೆ ಜೈಲಿನ ಗೋಡೆ ಕಂಡಿತು. ಸೈಕಲ್ಲುಗಳನ್ನು ಬೇಲಿಗೆ ಒರಗಿಸಿದರು. ಎಮೆಟ್ ಕರವಸ್ತ್ರ ನೆನೆಸಿ ಲಾಯ್ಡ್‌ನ ಮುಖದ ಧೂಳು ಒರೆಸಿದ, ಅಂಗಿಯ ಮೇಲಿನ ಗುಂಡಿ ಹಾಕಿದ, ಬೆರಳಿನಿಂದಲೇ ತಲೆ ಬಾಚಿದ.

"ಈಗ ಸರಿಯಾಗಿ ಕಾಣ್ತೀಯ," ಎಂದ.

ಒಳಗೆ ಕಾವಲುಗಾರ ಪಟ್ಟಿ ಹಿಡಿದು ನಿಂತಿದ್ದ. ಅವನ ಹಿಂದೆ ಎರಡು ಬಾಗಿಲು. "ಸತ್ತ ಹುಡುಗಿಯ ಮನೆಯವರು ಎಡಗಡೆ ಕೋಣೆಗೆ, ಕೈದಿಯ ಮನೆಯವರು ಬಲಗಡೆಗೆ," ಎಂದ. ಆಮೇಲೆ ಲಾಯ್ಡ್‌ನ ಕಡೆ ತಿರುಗಿ ದನಿ ತಗ್ಗಿಸಿದ. "ಹುಡುಗಿಯ ತಂದೆ ನೀವೇನಾ, ಸರ್?"

"ಹುಡುಗಿಯ ತಂದೆ ಇವನು," ಎಂದು ಲಾಯ್ಡ್ ಎಮೆಟ್‌ನ ಭುಜ ಹಿಡಿದುಕೊಂಡ. "ಒಳಗಿರೋನು ನನ್ನ ಮಗ."