ಒಂಬತ್ತನೇ ಪೆಟ್ಟು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಚಂಪಾಳಿಗೆ ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಕಣ್ಣಿನ ಕೆಲಸ. ಪರದೆಯ ಮೇಲೆ ಇಂಗಾಲದ ಅರವತ್ತು ಪರಮಾಣುಗಳು ಕೈಕೈ ಹಿಡಿದು ಚೆಂಡಿನಂಥ ಪಂಜರವಾಗಿ ನಿಂತಿರುತ್ತಿದ್ದವು. ಅದರ ಮೇಲೆ ವಿಕಿರಣದ ಪೆಟ್ಟು ಒಂದಾದ ಮೇಲೊಂದು ಬೀಳುತ್ತಿತ್ತು. ಎಷ್ಟನೇ ಪೆಟ್ಟಿಗೆ ಪಂಜರ ಬಾಯಿಬಿಟ್ಟಿತು ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಎಲ್ಲವೂ ಕಂಪ್ಯೂಟರೇ ಲೆಕ್ಕ ಹಾಕಿ ಬಿಡಿಸಿದ ಚಲಿಸುವ ಚಿತ್ರಗಳು, ಒಟ್ಟು ಇನ್ನೂರು.

“ನನ್ನ ಲೆಕ್ಕದ ಪ್ರಕಾರ ಒಂಬತ್ತಕ್ಕೇ ಒಡೀಬೇಕು, ನೋಡ್ತಿರು,” ಎಂದು ಸಂಶೋಧನೆ ನಡೆಸುವ ಮೇಡಂ ಮೊದಲ ದಿನವೇ ಹೇಳಿದ್ದರು.

ಆದರೆ ಒಂದು ಪಂಜರ ನಾಲ್ಕಕ್ಕೇ ಒಡೆಯುತ್ತಿತ್ತು, ಇನ್ನೊಂದು ಇಪ್ಪತ್ತಾದರೂ ಜಗ್ಗುತ್ತಿರಲಿಲ್ಲ. ಅವಳು ಕಂಡದ್ದನ್ನು ಕಂಡ ಹಾಗೆಯೇ ಬರೆದಳು. ಕಣ್ಣು ಉರಿದ ಒಂದು ಮಧ್ಯಾಹ್ನ ಮಾತ್ರ, ಕೊನೆಯ ಹನ್ನೆರಡನ್ನು ನೋಡದೆಯೇ ಒಂಬತ್ತು, ಒಂಬತ್ತು ಎಂದು ಗೀಚಿಬಿಟ್ಟಳು.

ಮೇಡಂ ಅವರ ಲೇಖನ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಎಲ್ಲರಿಗೂ ಮೈಸೂರುಪಾಕು ಹಂಚಿದರು. ಚಂಪಾ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿಟ್ಟಳು. ಎಲ್ಲರೂ ಹೋಗುವವರೆಗೆ ಕಾದು, ಮೇಡಂ ಮೇಜಿನ ಮುಂದೆ ನಿಂತಳು.

“ಏನೇ, ಸಿಹಿ ಸಾಲ್ಲಿಲ್ವಾ?”

“ಹನ್ನೆರಡು ಸುಳ್ಳು ಬರ್ದಿದೀನಿ ಮೇಡಂ. ನೋಡ್ದೇನೇ ಒಂಬತ್ತು ಅಂತ ಹಾಕ್ದೆ. ನನ್ನ ಕೆಲಸದಿಂದ ತೆಗೆದ್ರೂ ಸರಿ, ನಿಮ್ಮ ಹೆಸರಿಗೆ ಮಸಿ ಬೀಳೋದು ಬೇಡ.”

ಮೇಡಂ ನಗು ಆರಿತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ಯಾರಿಗಾದ್ರೂ ಹೇಳಿದೀಯಾ?”

“ಇಲ್ಲ. ಮಿಕ್ಕಿದ್ದೆಲ್ಲ ದೇವರಾಣೆಗೂ ನಿಜ ಮೇಡಂ.”

“ಗೊತ್ತು ಕಣೇ.” ಮೇಡಂ ಅವಳ ಮುಖ ನೋಡಲಿಲ್ಲ. “ನಾನು ತಿದ್ದದೇ ಬಿಟ್ಟಿದ್ದು ಆ ಹನ್ನೆರಡನ್ನ ಮಾತ್ರ.”