ನೋವಿನಷ್ಟು ಉದ್ದದ ಕಡ್ಡಿ

ಮಕ್ಕಳೇ, ಮೊನ್ನೆ ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್ ಕಾಗದದ ಮೇಲಿನ ಗೆರೆಯೊಂದನ್ನು ತೋರಿಸಿ, "ಈ ತುದಿ ಅಂದ್ರೆ ನೋವೇ ಇಲ್ಲ, ಆ ತುದಿ ಅಂದ್ರೆ ತಡೆಯಲಿಕ್ಕೇ ಆಗದ್ದು. ನಿಮ್ಮ ಮೊಣಕಾಲಿನದ್ದು ಎಷ್ಟುಂಟು?" ಎಂದಾಗ, ಸಂಕೋಚದಿಂದ ಮೊದಲ ತುದಿಯ ಹತ್ತಿರವೇ ಗುರುತು ಹಾಕಿದ ನನಗೆ ಚಿಕ್ಕಂದಿನಲ್ಲಿ ನಮ್ಮೂರು ಬಜಗೋಳಿಯಲ್ಲಿ ಕಳೆದ ಒಂದು ಮಧ್ಯಾಹ್ನ ನೆನಪಾಯಿತು.

ಅಮ್ಮನಿಗೆ ಹಲವು ದಿನಗಳಿಂದ ಹೊಟ್ಟೆನೋವು. ಅಪ್ಪನ ತಾಯಿ, ನನ್ನ ಅಜ್ಜಿ, ನಮ್ಮಿಬ್ಬರನ್ನೂ ನಾಟಿವೈದ್ಯರಲ್ಲಿಗೆ ಕರೆದುಕೊಂಡು ಹೋದರು. ವೈದ್ಯರು ಅಂಗಳ ಗುಡಿಸುವ ಹಿಡಿಸೂಡಿಯಿಂದ ತೆಂಗಿನ ಗರಿಯ ಉದ್ದದ ಕಡ್ಡಿಯೊಂದನ್ನು ಎಳೆದು ಅಮ್ಮನಿಗೆ ಕೊಟ್ಟರು.

"ನೋವು ಎಷ್ಟುಂಟೋ ಅಷ್ಟುದ್ದ ಮುರಿದು ಕೊಡಮ್ಮ."

ನೋವಿಗೂ ಉದ್ದ ಇರುತ್ತದೆಯೇ ಎಂದು ನಾನು ಕಣ್ಣರಳಿಸಿ ನೋಡಿದೆ. ಅಮ್ಮ ಅಜ್ಜಿಯ ಮುಖ ನೋಡಿ, ಉಗುರಿನಷ್ಟು ಮುರಿದಳು.

"ನಾನು ಹೇಳಲಿಲ್ವಾ? ಕೆಲಸ ಕಂಡ್ರೆ ಮಾತ್ರ ಇವಳಿಗೆ ನೋವು ಬರುವುದು," ಎಂದರು ಅಜ್ಜಿ.

ವೈದ್ಯರು ಇನ್ನೊಂದು ಕಡ್ಡಿಯನ್ನು ನನ್ನ ಕೈಗಿಟ್ಟರು. "ಅಮ್ಮನಿಗೆ ಎಷ್ಟುಂಟು? ನೀನು ಮುರಿ ನೋಡುವ."

ಅಮ್ಮ ಒಲೆಯ ಮುಂದೆ ಸೆರಗು ಕಚ್ಚಿಕೊಂಡು ಬಗ್ಗಿ ಕೂರುತ್ತಿದ್ದುದನ್ನು ನಾನು ಕಂಡಿದ್ದೆ. ಕಡ್ಡಿಯನ್ನು ಮುರಿಯದೆ ಇಡಿಯಾಗಿ ಹಿಂದಕ್ಕೆ ಕೊಟ್ಟೆ.

"ಇವತ್ತೇ ಕಾರ್ಕಳದ ಆಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದರು ವೈದ್ಯರು ಅಜ್ಜಿಗೆ.

ಅಮ್ಮ ನನಗೆ ಬೈಯಲಿಲ್ಲ. ಬಸ್ಸಿನಲ್ಲಿ ಹಿಡಿದ ನನ್ನ ಕೈಯನ್ನು ಕಾರ್ಕಳ ಬರುವವರೆಗೂ ಬಿಡಲಿಲ್ಲ.