ಒಂದು ಕಲ್ಲು ಬೇಕಾಗಿತ್ತು

ಒಂದೇ ಒಂದು ಕಲ್ಲು ಬಿದ್ದಿದ್ದರೆ ಸಾಕಾಗಿತ್ತು. ಲಾಠಿ ಹಿಡಿದ ಪೊಲೀಸರು ಬೆಳಗಿನಿಂದ ಅದಕ್ಕೇ ಕಾಯುತ್ತಿದ್ದರು. ಗಂಗಾವತಿಯ ಆ ಸರ್ಕಾರಿ ಕಚೇರಿಯ ಮುಂದೆ ಕಾಲೇಜಿನ ಹುಡುಗ ಹುಡುಗಿಯರು ಮಾತ್ರ ಕಲ್ಲನ್ನೂ ಎಸೆಯದೆ, ಘೋಷಣೆಯನ್ನೂ ಕೂಗದೆ ಸುಮ್ಮನೆ ಕುಳಿತಿದ್ದರು. ಸಭೆಯಲ್ಲಿ ಮಂತ್ರಿಗಳನ್ನು ಪ್ರಶ್ನೆ ಕೇಳಿದ್ದಕ್ಕೆ ಸುರೇಖಾ ಎಂಬ ಹುಡುಗಿಯನ್ನು ಸರ್ಕಾರ ಕಾಲೇಜಿನಿಂದಲೇ ತೆಗೆದುಹಾಕಿತ್ತು. ಅವಳನ್ನು ವಾಪಸ್ ಸೇರಿಸಿಕೊಳ್ಳಿ ಎಂಬುದಷ್ಟೇ ಇವರ ಬೇಡಿಕೆ. ಸುಮ್ಮನೆ ಕುಳಿತವರನ್ನು ಹೊಡೆದರೆ ಪೇಪರಿನವರು ಬಿಡುತ್ತಾರೆಯೇ? ಹೊಡೆಯಲು ಒಂದು ನೆಪ ಬೇಕಲ್ಲ.

ಕಚೇರಿಯ ಸಾಹೇಬರು ತಮ್ಮ ದಿನಗೂಲಿ ಕಾಳಪ್ಪನನ್ನು ಒಳಗೆ ಕರೆದರು. ಹುಡುಗರ ನಡುವೆ ಕುಳಿತು ಪೊಲೀಸರ ಕಡೆಗೆ ಒಂದು ಕಲ್ಲು ಬೀಸು, ನಿನ್ನ ನೌಕರಿ ಕಾಯಂ ಮಾಡಿಸುತ್ತೇನೆ ಎಂದರು. ಕಾಯಂ ಎಂಬ ಶಬ್ದ ಕೇಳಲು ಕಾಳಪ್ಪನ ಹೆಂಡತಿ ಗಾಳೆಮ್ಮ ಎಷ್ಟೋ ವರ್ಷದಿಂದ ದೇವರಿಗೆ ಕಾಯಿ ಒಡೆಸುತ್ತಿದ್ದಳು. ಕಾಳಪ್ಪ ಹೂಂ ಎಂದು ಹೋದ. ಹೋದವನು ಬರಿಗೈಯಲ್ಲೇ ತಿರುಗಿ ಬಂದ.

"ಕಲ್ಲ ಸಿಗವಲ್ದ್ರಿ, ಸಾಹೇಬ್ರ."

"ಗಂಗಾವತ್ಯಾಗ ಕಲ್ಲಿಲ್ಲೇನಪಾ?" ಸಾಹೇಬರು ಕಿಟಕಿಯತ್ತ ನೋಡಿದರು. ಕಿಟಕಿಯ ತುಂಬ ಬಂಡೆಗುಡ್ಡಗಳೇ ಇದ್ದವು.

"ಹುಡ್ರು ನಸಕಿನ್ಯಾಗ ಬಂದು ಅಂಗಳಾ ಪೂರಾ ಕಸಾ ಹೊಡದಾರ್ರಿ. ಒಂದು ಹರಳ ಸೈತ ಬಿಟ್ಟಿಲ್ರಿ."

ಸಾಹೇಬರು ಹಣೆ ಚಚ್ಚಿಕೊಂಡು, ಹಿತ್ತಲಿನಿಂದ ಒಂದು ಕಲ್ಲು ತರಿಸಿ, ಟವೆಲಿನಲ್ಲಿ ಸುತ್ತಿ ಕೊಟ್ಟರು. ಹೀಗೆ ಕಲ್ಲು ಪೂರೈಸುವ ಕೆಲಸವೂ ಸರ್ಕಾರದ ಮೇಲೆಯೇ ಬಿತ್ತು.

ಕಾಳಪ್ಪ ಮುಂದಿನ ಸಾಲಿನಲ್ಲಿ ಮೇಘಾ ಎಂಬ ಹುಡುಗಿಯ ಪಕ್ಕ ಕುಳಿತು ಟವೆಲು ಬಿಚ್ಚಿದ. ಗಾಳಿಗೆ ಹಾರುತ್ತಿದ್ದ ಮನವಿಪತ್ರವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ ಅವಳ ಕಣ್ಣಿಗೆ ಕಲ್ಲು ಬಿತ್ತು.

"ಛಲೋ ಆತು ನೋಡ್ರಿ ಕಾಕಾ. ಎಲ್ಲಾ ಬಳದು ಒಗದೀವಿ, ಹಾಳಿ ಮ್ಯಾಲ ಇಡಾಕ ಒಂದು ಕಲ್ಲಿಲ್ಲ. ಕೊಡ್ರಿ ಇಲ್ಲೆ."

ಕಾಳಪ್ಪನಿಗೆ ಭಾರಿ ನಾಚಿಕೆಯಾಯಿತು. ಗಾಳೆಮ್ಮನಿಗೆ ಏನು ಹೇಳುವುದೆಂದು ಸಂಕಟವೂ ಆಯಿತು. ಆದರೂ ಕೊಟ್ಟ. ಎದ್ದು ಹೋಗಲು ಮನಸ್ಸಾಗದೆ ಅಲ್ಲೇ ಕುಳಿತ.

ಸಂಜೆಯವರೆಗೆ ಏನೂ ಆಗಲಿಲ್ಲ. ಏನೂ ಆಗದ್ದನ್ನು ಟೀವಿಯವರು ದಿನವಿಡೀ ತೋರಿಸಿದರು. ಕೊನೆಗೆ ಮೇಲಿನಿಂದ ಫೋನು ಬಂತು: ಆ ಹುಡುಗಿಯನ್ನು ಸೇರಿಸಿಕೊಳ್ಳಿ, ಮನವಿ ತಗೊಂಡು ಮುಗಿಸಿ. ಸಾಹೇಬರು ಹೊರಗೆ ಬಂದರು. ಮನವಿಪತ್ರ ಆ ಕಲ್ಲಿನಡಿ ನೆಲದ ಮೇಲಿತ್ತು. ಎತ್ತಿ ಕೊಡಲು ಯಾರೂ ಏಳಲಿಲ್ಲ. ಅವರೇ ಬಗ್ಗಿದರು.

ಮರುದಿನದ ಪೇಪರಿನಲ್ಲಿ ಸುರೇಖಾಳನ್ನು ಮತ್ತೆ ಸೇರಿಸಿಕೊಳ್ಳುವ ಆದೇಶದ ಸುದ್ದಿ, ಜೊತೆಗೊಂದು ಫೋಟೋ. ಫೋಟೋದಲ್ಲಿ ಹುಡುಗರೆಲ್ಲ ಕೈಕಟ್ಟಿ ಕುಳಿತಿದ್ದರು. ಕಲ್ಲು ಹಿಡಿದು ನಿಂತವರು ಸಾಹೇಬರೊಬ್ಬರೇ.